ನೂರಾ ಇಪ್ಪತ್ತೊಂಬತ್ತು ಕಿಲೋಮೀಟರು

ಸಂಶಿಯ ಅಲ್ಲಾಭಕ್ಷನ ಮನೆಯಲ್ಲಿ ಆ ಬುಧವಾರ ಚಹಾ ಸೋಸುವ ಮೊದಲೇ ಜಗಳ ಶುರುವಾಯಿತು. ಜಗಳಕ್ಕೆ ಕಾರಣ ಒಂದು ಅಂಕಿ. ಅಂಗಳದಲ್ಲಿ ನಿಲ್ಲುವ ಬಿಳಿ ಎಲೆಕ್ಟ್ರಿಕ್ ಕಾರಿನ ಪರದೆ ದಿನಾ ಬೆಳಗ್ಗೆ ತಾನು ಇನ್ನೆಷ್ಟು ಕಿಲೋಮೀಟರು ಓಡಬಲ್ಲೆ ಎಂದು ತೋರಿಸುತ್ತಿತ್ತು. ಕೊಂಡು ತಂದ ಎಂಟು ತಿಂಗಳಿಂದ ಆ ಅಂಕಿ ನೂರಾ ತೊಂಬತ್ತರ ಆಸುಪಾಸಿನಿಂದ ಕದಲಿರಲಿಲ್ಲ. ಮಂಗಳವಾರ ನೂರಾ ತೊಂಬತ್ತೆಂಟು ಇತ್ತು. ಬುಧವಾರ ನೂರಾ ಇಪ್ಪತ್ತೊಂಬತ್ತು.

ಕಾರು ನಡೆಸುವವಳು ಮನೆಯ ಸೊಸೆ ಮುಮತಾಜ್. ಊರಿನ ನಾಲ್ವರು ಟೀಚರುಗಳನ್ನು ಹತ್ತಿಸಿಕೊಂಡು ಕುಂದಗೋಳ, ಹುಬ್ಬಳ್ಳಿಯ ಶಾಲೆಗಳಿಗೆ ಬಿಟ್ಟು ಸಂಜೆ ಕರೆದು ತರುವುದು ಅವಳ ಕೆಲಸ. ಸ್ಟೇರಿಂಗ್ ಹಿಡಿದ ದಿನದಿಂದ ಸೊಸೆಗೆ ತಲೆನೋವು, ಬೆನ್ನುನೋವು ಎರಡೂ ಬಂದಿಲ್ಲ ಎಂದು ಅತ್ತೆ ಹಲೀಮಾಬಿ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಮುಮತಾಜ್ ಈಗ ಕಾರಿನಿಂದ ಇಳಿದು ಪಡಸಾಲೆಗೆ ಬಂದು, "ಅರವತ್ತೊಂಬತ್ತು ಕಿಲೋಮೀಟರ್ ಕಡಿಮಿ ತೋರಸಾಕತ್ತೈತಿ" ಎಂದಳು.

ಅವಳ ಗಂಡ ಯುನೂಸ್ ಮಗಳ ಕಡೆ ನೋಡಿದ. ಶಗುಫ್ತಾಗೆ ಹತ್ತೊಂಬತ್ತು, ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಳು. ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಅವಳ ಮೇಲೇ ಅನುಮಾನ.

"ಏನ್ ಒತ್ತಿದಿ ಅದರಾಗ?"

"ಅಪ್‌ಡೇಟ್ ಬಂದಿತ್ತು ಪಪ್ಪಾ. ಬ್ಯಾಟರಿ ನೋಡ್ಕೊಳ್ಳೂ ಸಾಫ್ಟ್‌ವೇರ್ ಹೊಸಾದು ಹಾಕ್ಲೇನು ಅಂತ ಕೇಳ್ತು. ಹೂಂ ಅಂದೆ."

"ಯಾರನ್ನ ಕೇಳಿ ಹೂಂ ಅಂದಿ?"

"ಅದು ನನ್ನ ಕೇಳ್ತು. ನಾ ಹೂಂ ಅಂದೆ."

"ನೋಡ್ರಿ ಅಬ್ಬಾ ಇದರ ಮಾತು."

ಅಬ್ಬಾ ಎಂದರೆ ಅಲ್ಲಾಭಕ್ಷ, ಈ ಮನೆಯ ಹಿರಿಯ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಹೊಡೆದು ನಿವೃತ್ತನಾದವನು. ಲೀಟರ್ ಡೀಸೆಲ್ಲಿಗೆ ಎಲ್ಲರಿಗಿಂತ ಹೆಚ್ಚು ದೂರ ಓಡಿಸಿದ್ದಕ್ಕೆ ಡಿಪೋದವರು ಕೊಟ್ಟ ಮೂರು ಪ್ರಶಸ್ತಿಪತ್ರಗಳು ಪಡಸಾಲೆಯ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ತೂಗುತ್ತಿದ್ದವು. ಮುಮತಾಜ್‌ಗೆ ಕಾರು ಕಲಿಸಿದವನೂ ಅವನೇ. ಹೆಣ್ಣುಮಗಳಿಗೆ ಯಾಕೆ ಡ್ರೈವಿಂಗು ಎಂದು ನೆಂಟರು ಗೊಣಗಿದಾಗ, ನನ್ನ ಕೈಯಲ್ಲಿ ಕಲಿತವರು ಎಲ್ಲೂ ಗುದ್ದುವುದಿಲ್ಲ ಎಂದು ಬಾಯಿ ಮುಚ್ಚಿಸಿದವನು. ಚಹಾ ಬಸಿಗೆ ಸುರಿದುಕೊಂಡು ಅವನು ತೀರ್ಪು ಕೊಟ್ಟ.

"ಆ ಅಂಕಿ ನಂಬಬ್ಯಾಡ ಮುಮತಾಜ್. ನಾ ಹೊಡದ ಯಾವ ಬಸ್ಸಿನ ಮುಳ್ಳೂ ಒಂದ್ ದಿನಾ ಖರೇ ಹೇಳಿಲ್ಲ. ಟಾಕಿಗೆ ಕೋಲು ಬಿಟ್ಟು ನೋಡಿದ್ರನ ಗೊತ್ತಾಗೂದು."

"ಇದಕ್ಕ ಎಲ್ಲಿ ಕೋಲು ಬಿಡೂದ್ರಿ ಮಾಮಾ?"

"ಬಿಡೂದ್ ಬ್ಯಾಡ. ನಿನ್ನೆ ಓಡಿದ ಗಾಡಿ ಇವತ್ತೂ ಓಡ್ತೈತಿ. ನಡಿ."

ಮಾವನ ಮಾತು ಮುಮತಾಜ್‌ಗೆ ಸಮಾಧಾನ ತಂದಿತು. ರೊಟ್ಟಿ ಕಟ್ಟಿಕೊಂಡು ಹೊರಟಳು.

ಎರಡು ದಿನ ಏನೂ ಆಗಲಿಲ್ಲ, ದಿನದ ಓಡಾಟ ಎಂಬತ್ತು ಕಿಲೋಮೀಟರು ಅಷ್ಟೇ. ಶುಕ್ರವಾರ ಮಾತ್ರ ಟೀಚರುಗಳು ಶಾಲೆ ಬಿಟ್ಟ ಮೇಲೆ ನವಲಗುಂದದಲ್ಲಿ ಗೆಳತಿಯೊಬ್ಬಳ ಮನೆ ಒಕ್ಕಲಿದೆ, ಹೋಗಿ ಊಟ ಮಾಡಿಕೊಂಡು ಬರೋಣ ಎಂದರು. ಪರದೆ ಸಾಲುವುದಿಲ್ಲ ಎನ್ನುತ್ತಿತ್ತು. ಮಾವ ನಂಬಬೇಡ ಎಂದಿದ್ದ. ಮುಮತಾಜ್ ಮಾವನನ್ನು ನಂಬಿದಳು. ಹೋಳಿಗೆ ಊಟ ಚೆನ್ನಾಗಿಯೇ ಆಯಿತು. ಹೊಳ್ಳಿ ಬರುವಾಗ ಕುಂದಗೋಳ ಇನ್ನೂ ಮೂರು ಕಿಲೋಮೀಟರು ಇದೆ ಎನ್ನುವಲ್ಲಿ ಕಾರು ಆಮೆಯಂತೆ ತೆವಳತೊಡಗಿತು. ಪುಣ್ಯಕ್ಕೆ ರಸ್ತೆ ಪಕ್ಕ ಗೌರಕ್ಕನ ಹಿಟ್ಟಿನ ಗಿರಣಿ ತೆರೆದಿತ್ತು.

ಗೌರಕ್ಕ ಗಿರಣಿ ನಿಲ್ಲಿಸಿ ಪ್ಲಗ್ಗು ಕೊಟ್ಟಳು. ರೇಷ್ಮೆ ಸೀರೆಯುಟ್ಟ ನಾಲ್ವರು ಟೀಚರುಗಳು ಜೋಳದ ಚೀಲಗಳ ಮೇಲೆ ಕುಳಿತರು.

"ಒಂದ್ ಚೀಲ ಬೀಸೂದ್ರಾಗ ತುಂಬೀತೇನವಾ ನಿನ್ನ ಗಾಡಿ?" ಎಂದು ಗೌರಕ್ಕ ಕೇಳಿದಳು.

"ಮನಿ ಮುಟ್ಟೂವಷ್ಟು ಆದ್ರ ಸಾಕ್ರಿ ಅಕ್ಕಾ. ಒಂದ್ ತಾಸು."

ಒಂದು ತಾಸಿನಲ್ಲಿ ಬೀಸಲು ಬಂದವರು ಹನ್ನೆರಡು ಮಂದಿ. ಹನ್ನೆರಡು ಮಂದಿಯೂ ಸುದ್ದಿಯನ್ನು ಹಿಟ್ಟಿನ ಜೊತೆ ಕಟ್ಟಿಕೊಂಡು ಹೋದರು. ಮರುದಿನ ಗುಡಗೇರಿಯಲ್ಲಿ ತನ್ನ ಕಾಳಿನ ಅಂಗಡಿ ತೆರೆದು ಕುಳಿತ ಯುನೂಸ್‌ಗೆ ಮೊದಲ ಗಿರಾಕಿಯೇ, "ಏನ್ ಸಾವ್ಕಾರ್ರ, ನಿಮ್ಮ ಮನಿಯವ್ರು ಗಿರಣ್ಯಾಗ ಕರೆಂಟ್ ಬೀಸಸ್ಕೊಂಡ್ ಹೋದ್ರಂತಲ್ಲ" ಎಂದು ಕೇಳಿ ನಕ್ಕ. ಯುನೂಸ್ ಕೆಟ್ಟವನಲ್ಲ, ಆದರೆ ನಗೆ ಅವನಿಗೆ ಆಗಿಬರುವುದಿಲ್ಲ.

ಮನೆಗೆ ಬಂದವನೇ ತಟ್ಟೆಯ ಮುಂದೆ ಕುಳಿತು, ಬದನೆಕಾಯಿ ಪಲ್ಯ ಮುಟ್ಟದೆ ಹೇಳಿದ.

"ಅಣ್ಣಿಗೇರಿ ಸಾಧಿಕ್‌ನ ಕೂಡ ಮಾತಾಡೀನಿ. ಕಾರು ಅಂವ ತಗೋತಾನ. ಶಾಲಿ ಸೂಟಿ ಮುಗಿಯೂದ್ರಾಗ ಒಂದು ಡೀಸೆಲ್ ಗಾಡಿ ನೋಡೂಣು. ಅದಕ್ಕ ನಾನೇ ಡ್ರೈವರ್ ಇಡ್ತೀನಿ."

ರೊಟ್ಟಿ ಬಡಿಯುತ್ತಿದ್ದ ಮುಮತಾಜ್‌ಳ ಕೈ ನಿಂತಿತು. "ಡ್ರೈವರ್ ಯಾಕ?"

"ನೀ ದಾರ್ಯಾಗ ನಿಂತು ಮಂದಿ ಕಡೆ ಕರೆಂಟ್ ಬೇಡೂದು ನನಗ ಬ್ಯಾಡ."

"ನಾ ಬೇಡಿಲ್ಲ. ಗೌರಕ್ಕನ ಕೇಳಿದೆ, ಕೊಟ್ಟಳು."

"ಎರಡೂ ಒಂದೇ."

"ಎರಡೂ ಒಂದೇ ಅಲ್ಲ ಪಪ್ಪಾ" ಎಂದು ಶಗುಫ್ತಾ ಬಾಯಿ ಹಾಕಿದಳು.

"ನೀ ಸುಮ್ಕ ಕುಂದರು. ನೀ ಹೂಂ ಅಂದದ್ದಕ್ಕ ಇಷ್ಟೆಲ್ಲ ಆಗೇತಿ."

ಅಲ್ಲಾಭಕ್ಷ ಈ ಸಲ ಮಗನ ಪರವಾಗಿ ಗಂಟಲು ಸರಿಮಾಡಿಕೊಂಡ. ಮುಳ್ಳನ್ನು ನಂಬಬೇಡ ಎಂದವನು ತಾನೇ ಎನ್ನುವುದನ್ನು ಸಲೀಸಾಗಿ ಮರೆತಿದ್ದ. "ಛಲೋ ಗಾಡಿ ಇತ್ತು. ಆ ಅಪ್‌ಡೇಟ್ ಅದನ್ನ ತಿಂದುಬಿಡ್ತು" ಎಂದ. ಹಲೀಮಾಬಿ ಎಲ್ಲರ ತಟ್ಟೆಗೂ ಇನ್ನೊಂದು ರೊಟ್ಟಿ ಹಾಕಿ, ಆ ಅಂಕಿ ಮೇಲೇರಿದರೆ ಲಕ್ಷ್ಮೇಶ್ವರದ ದರ್ಗಾದಲ್ಲಿ ಫಾತಿಹಾ ಓದಿಸಿ ಸಕ್ಕರೆ ಹಂಚುತ್ತೇನೆ ಎಂದು ಹರಕೆ ಹೊತ್ತಳು.

ಇದಾಗಿ ಎರಡು ವಾರ ಕಳೆದ ಮೇಲೆ ರಾಜೇಶ್ವರಿ ಟೀಚರ್ ಬಂದಳು. ಮುಮತಾಜ್‌ಳ ಕಾರಿನ ನಾಲ್ವರಲ್ಲಿ ಒಬ್ಬಳು. ಅವಳಿಗೆ ಕಲಘಟಗಿ ತಾಲೂಕಿನ ತಂಬೂರಿಗೆ ವರ್ಗವಾಗಿತ್ತು. ಸಂಶಿಯಿಂದ ಹುಬ್ಬಳ್ಳಿಯ ಮೂಲಕ ಎಪ್ಪತ್ತೊಂದು ಕಿಲೋಮೀಟರು. ಉಳಿದ ಮೂವರನ್ನು ಹುಬ್ಬಳ್ಳಿಯೊಳಗೆ ಇಳಿಸಿದ ಮೇಲೆ ಅಲ್ಲಿಂದ ಕಲಘಟಗಿ ಆಸ್ಪತ್ರೆಗೆ ಹೋಗುವ ಇಬ್ಬರು ನರ್ಸುಗಳು ಜೊತೆಗಾಗುತ್ತಾರೆ, ಶಾಲೆ ಶುರುವಾಗುವ ದಿನದಿಂದ ಬರುತ್ತೀಯಾ ಎಂದು ಕೇಳಿದಳು.

"ನೀ ಬರ್ತಿ ಅಂದ್ರ ನಾ ಮನಿಯಾಗ ಇರ್ತೀನಿ. ಇಲ್ಲಾಂದ್ರ ಕಲಘಟಗ್ಯಾಗ ಖೋಲಿ ಹಿಡೀಬೇಕು, ಹುಡುಗ್ರನ್ನ ಇಲ್ಲೇ ಬಿಟ್ಟು. ಲಗೂನ ಹೇಳು."

ಮುಮತಾಜ್‌ಗೆ ಒಳಗೇ ಒಂದು ಕುಣಿತ ಎದ್ದಿತು. ಕಲಘಟಗಿಯ ದಾರಿ, ಸಾಗುವಾನಿ ಮರ, ಏರು ಇಳಕಲು; ಸಂಜೆಯವರೆಗೆ ಶಾಲೆಯ ಮುಂದೆ ಕಸೂತಿ ಹಾಕುತ್ತಾ ಕೂರಬಹುದು. ಹೋಗಿ ಬರಲು ನೂರಾ ನಲವತ್ತೆರಡು. ಕಾರು ತೋರಿಸುತ್ತಿದ್ದದ್ದು ನೂರಾ ಇಪ್ಪತ್ತೊಂಬತ್ತು. ಹುಬ್ಬಳ್ಳಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸಾಲು ಹಿಡಿದು ನಿಂತರೆ ಟೀಚರಿಗೆ ಪ್ರಾರ್ಥನೆಯ ಗಂಟೆ ತಪ್ಪುತ್ತದೆ.

ರಾತ್ರಿ ಗಂಡನಿಗೆ ಹೇಳಿದಳು. ಯುನೂಸ್ ಗಡ್ಡ ಕೆರೆದುಕೊಂಡ.

"ಮುಂದಿನ ತಿಂಗಳ ಎರಡನೇ ಸಂತಿಗೆ ಸಾಧಿಕ್ ಅಂಗಡಿಗೆ ಬರ್ತಾನ. ಅಷ್ಟರಾಗ ಒಮ್ಮೆ ತಂಬೂರಿಗೆ ಹೋಗಿ ಬಂದು ತೋರ್ಸು. ಕಾರ್ ತುಂಬ ಮಂದಿ ಇರಬೇಕು. ದಾರ್ಯಾಗ ಯಾರ ಕಡಿನೂ ಕರೆಂಟ್ ಕೇಳಬಾರದು. ಹೋಗಿ ಬಂದ್ರ ನಿನ್ನ ಕಾರು ನಿನಗ."

"ಮಾತು ಬದಲಾಸಬಾರದು."

"ಬದಲಾಸಂಗಿಲ್ಲ. ಆದ್ರ ಅದು ಹೋಗಂಗಿಲ್ಲ ಬಿಡು."

ಶಗುಫ್ತಾ ಮರುದಿನವೇ ಅಮ್ಮನನ್ನು ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಎಳೆದೊಯ್ದಳು. ಅಲ್ಲಿದ್ದ ಹೇಮಂತ ಎಂಬ ಮೆಕ್ಯಾನಿಕ್ ಕಾರಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ, ಸ್ವಲ್ಪ ಹೊತ್ತು ನೋಡಿ, ಯಾವುದೋ ತಮಾಷೆ ಓದಿದವನಂತೆ ನಗತೊಡಗಿದ.

"ಅಕ್ಕಾರ, ನಿಮ್ಮ ಮನ್ಯಾಗ ದಿನಾ ಮುಂಜಾನಿ ನಾಕೂ ನಲವತ್ತಕ್ಕ ಯಾರರೇ ಪ್ಲಗ್ ಕೀಳ್ತಾರೇನ್ರಿ?"

ಮುಮತಾಜ್ ಬೆರಗಾದಳು. "ಅತ್ತಿಯವ್ರು. ಮಾಮಾಗ ನಮಾಜಿಗೆ ಕೈಕಾಲು ತೊಳ್ಯಾಕ ಬಿಸಿನೀರು ಬೇಕು. ದೊಡ್ಡ ಪ್ಲಗ್ ಇರೂದು ಒಂದೇ. ಕಾರಿಂದು ತಗದು ನೀರು ಕಾಸೂ ಕಾಯಿಲ್ ಹಾಕ್ತಾರ."

"ಮತ್ತ ಹಚ್ಚೂದು ರಾತ್ರಿ ಹನ್ನೊಂದೂವರಿಗೆ?"

"ಅದಕ್ಕೂ ಮೊದಲ ನಮ್ಮ ಕಡೆ ವೋಲ್ಟೇಜ್ ಇರಂಗಿಲ್ರಿ."

"ಅದಕ್ಕ ಎಂಟ್ ತಿಂಗಳಾಗ ಈ ಬ್ಯಾಟರಿ ಒಮ್ಮೀನೂ ನೂರಕ್ಕ ನೂರು ತುಂಬಿಲ್ಲ. ಒಳಗ ಭಾಳ ಸೆಲ್ ಅದಾವ್ರಿ. ಪೂರಾ ತುಂಬಿ ಒಂದಿಷ್ಟು ಹೊತ್ತು ಹಂಗ ಬಿಟ್ರನ ಎಲ್ಲಾ ಸಮಾ ಆಗೂದು. ಈಗ ಒಂದು ತುಂಬೇತಿ, ಒಂದು ಅರ್ಧ ಐತಿ. ಅರ್ಧ ಇದ್ದದ್ದು ಖಾಲಿ ಆತಂದ್ರ ಗಾಡಿ ನಿಂತಂಗ."

"ಅಪ್‌ಡೇಟ್ ಕೆಡಿಸಿಲ್ಲೇನ್ರಿ ಹಂಗಾರ?" ಎಂದು ಶಗುಫ್ತಾ ಮೇಜಿನ ಮೇಲೆ ಬಗ್ಗಿ ಕೇಳಿದಳು. ಮೂರು ವಾರದಿಂದ ಆ ಪ್ರಶ್ನೆ ಅವಳ ಗಂಟಲಲ್ಲೇ ಇತ್ತು.

"ಹಳೇ ಸಾಫ್ಟ್‌ವೇರ್ ಕಾಗದದ ಮ್ಯಾಲಿನ ಅಂಕಿ ಹಿಡಿದು ಅಂದಾಜು ಹೇಳ್ತಿತ್ತು. ಹೊಸಾದು ನಿಮ್ಮ ಸೆಲ್ ಹೆಂಗ ಅದಾವ, ನೀವು ಹೆಂಗ ಓಡಸ್ತೀರಿ, ಎರಡೂ ನೋಡಿ ಹೇಳ್ತೈತಿ. ಕೆಡಿಸಿಲ್ಲ, ಖರೇ ಹೇಳಾಕ ಸುರು ಮಾಡೇತಿ."

ಶಗುಫ್ತಾ ಅಲ್ಲೇ ಎದ್ದು ನಿಂತು ಅಮ್ಮನ ಹೆಗಲು ಹಿಡಿದು ಅಲುಗಾಡಿಸಿದಳು. ಅವಳಿಗೆ ಆಗಲೇ ಮನೆಗೆ ಹೋಗಿ ಒಬ್ಬೊಬ್ಬರಿಗೂ ಹೇಳಬೇಕಾಗಿತ್ತು.

"ತಡೀರಿ, ಇನ್ನೊಂದೈತಿ" ಎಂದ ಹೇಮಂತ. "ಇಳಕಲಿನ್ಯಾಗ ಕಾಲು ತಗದ್ರ ಗಾಲಿ ತಿರುಗಿ ಬ್ಯಾಟರಿಗೆ ಕರೆಂಟ್ ಹೊಳ್ಳಿ ಬರಬೇಕು. ನಿಮ್ಮ ಗಾಡ್ಯಾಗ ಅದು ಬಂದೇ ಇಲ್ಲ ಅನ್ನೂ ಹಂಗ ಐತಿ. ಇಳಕಲಿಗೆ ನೂಟ್ರಲ್ ಹಾಕ್ತೀರೇನ್ರಿ?"

ಅಮ್ಮ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಇಳಕಲು ಬಂದ ಕೂಡಲೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ಉರುಳಲು ಬಿಡುವುದು, ಬೇಕಾದಲ್ಲಿ ಬ್ರೇಕು. ಅದು ಅಲ್ಲಾಭಕ್ಷನ ವಿದ್ಯೆ. ಗೋಡೆಯ ಮೇಲಿನ ಮೂರೂ ಪ್ರಶಸ್ತಿಗಳು ಆ ವಿದ್ಯೆಯಿಂದಲೇ ಬಂದದ್ದು. ಸೊಸೆಗೆ ಅವನು ಕಲಿಸಿದ ಮೊದಲ ಪಾಠವೂ ಅದೇ.

ಹೊಳ್ಳಿ ಬರುವಾಗ ಶಗುಫ್ತಾ, "ದಾದಾಗ ಯಾರ್ ಹೇಳೂದು?" ಎಂದಳು.

"ಈಗ ಪ್ಲಗ್ ಅಷ್ಟ ಹೇಳೂಣು" ಎಂದಳು ಮುಮತಾಜ್. "ನೂಟ್ರಲ್ ನಾ ಒಬ್ಬಾಕಿನ ಇದ್ದಾಗ ಹಾಕಂಗಿಲ್ಲ."

ಪ್ಲಗ್ಗಿನ ಸುದ್ದಿ ಕೇಳಿ ಹಲೀಮಾಬಿಗೆ ಮೊದಲು ಅವಮಾನವಾಯಿತು. ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಅಂದ್ರ ಇಷ್ಟೂ ದಿನ ಕಾರಿನ ಹೊಟ್ಟಿ ಹೊಡದಾಕಿ ನಾನು ಅಂತೀಯೇನು?"

"ಹಂಗಲ್ಲ ದಾದಿ. ಮೂರ್ನಾಕ್ ಸಲ ಪೂರಾ ತುಂಬಾಕ ಬಿಟ್ರ ಸಾಕು. ಆಮ್ಯಾಲ ವಾರಕ್ಕೊಮ್ಮೆ."

"ನಿಮ್ಮ ದಾದಾನ ಮೊಣಕಾಲು ತಣ್ಣೀರಿಗೆ ಹಿಡೀತಾವ. ಅದಕ್ಕೇನ್ ಅಪ್‌ಡೇಟ್ ಐತಿ?"

ಉತ್ತರ ಹಲೀಮಾಬಿಯೇ ಹುಡುಕಿಕೊಂಡಳು. ಬಚ್ಚಲುಮನೆಯ ಹಳೇ ನೀರೊಲೆಯಲ್ಲಿ ಇಟ್ಟಿದ್ದ ಗೋಣಿಚೀಲ, ಮುರಿದ ಬಕೆಟ್ಟು ಎಲ್ಲ ಹೊರಗೆ ಎಸೆದು, ಹಿತ್ತಲಿನಿಂದ ಹತ್ತಿಕಟ್ಟಿಗೆ ತಂದು ಒಲೆ ಹೊತ್ತಿಸಿದಳು. ಆರು ವರ್ಷದ ಮೇಲೆ ಆ ಮನೆಯಲ್ಲಿ ಹಂಡೆ ಕಾಯಿತು. ಅಲ್ಲಾಭಕ್ಷ ಕಾಲಿಗೆ ನೀರು ಹಾಕಿಕೊಂಡು, ಕಾಯಿಲ್ಲಿನ ನೀರಿಗಿಂತ ಇದೇ ಛಲೋ ಎಂದ. "ಮೊದಲ ಹೇಳಬಾರದೇನು? ನಾ ಆರ್ ವರ್ಷ ಕತ್ತಲ್ಯಾಗ ಆ ವೈರ್ ಹಿಡ್ಕೊಂಡು ಹೆದರ್ಕೋತ ನಿಂತೀನಿ" ಎಂದು ಹಲೀಮಾಬಿ ಗದರಿಸಿದಳು.

ಶಾಲೆಗಳಿಗೆ ಸೂಟಿ ಬಿದ್ದಿತ್ತು. ಕಾರು ಆಗೊಮ್ಮೆ ಈಗೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುತ್ತಿತ್ತು, ಬಂದ ಮೇಲೆ ಪ್ಲಗ್ಗಿಗೆ. ಮೊದಲ ಸಲ ನೂರು ತುಂಬಿದ ಬೆಳಗ್ಗೆ ಪರದೆ ನೂರಾ ಐವತ್ತೊಂದು ತೋರಿಸಿತು. ಶಗುಫ್ತಾ ಅಂಗಳದಿಂದ ಕೂಗಿ ಹೇಳಿದಳು. ಪಕ್ಕದ ಮನೆಯ ಮಲಿಕಾಬಿ ಏನೋ ಪರೀಕ್ಷೆಯ ಫಲಿತಾಂಶ ಎಂದುಕೊಂಡು ಸಕ್ಕರೆ ತಂದಳು. ಎರಡನೇ ಸಲ ನೂರಾ ಅರವತ್ತೆಂಟು. ಆ ಹೊತ್ತಿಗೆ ಮನೆಯಲ್ಲಿ ಬೆಳಗಿನ ಮೊದಲ ಕೆಲಸವೇ ಅಂಕಿ ನೋಡುವುದಾಯಿತು. ಹಲೀಮಾಬಿ ಚಪ್ಪಲಿ ಹಾಕಿಕೊಳ್ಳದೆ ಅಂಗಳಕ್ಕೆ ಓಡುತ್ತಿದ್ದಳು. ಯುನೂಸ್ ಕೂಡ ಅಂಗಡಿಗೆ ಹೋಗುವ ಮೊದಲು ಕಾರಿನ ಗಾಜಿಗೆ ಮುಖ ಒತ್ತಿ, ಯಾರೂ ನೋಡಿಲ್ಲವೆಂದುಕೊಂಡು ಹೋಗುತ್ತಿದ್ದ. ಅಲ್ಲಾಭಕ್ಷ ಮಾತ್ರ, "ಮುಳ್ಳು ಏರ್ತೈತಿ, ಇಳೀತೈತಿ. ಗಾಡಿ ಉಳಸೂದು ಡ್ರೈವರನ ಕೈ" ಎಂದು ಗೋಡೆಯ ಕಡೆ ಕೈ ತೋರಿಸುತ್ತಿದ್ದ. ಮುಮತಾಜ್ ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದಳು.

ಸಾಧಿಕ್ ಬರುವ ಸಂತೆಯ ದಿನ ಬಂತು. ನೂರು ತುಂಬಿದ ಕಾರು ನೂರಾ ಎಪ್ಪತ್ತಾರು ತೋರಿಸಿತು. ಮುಂದೆ ಎಡಗಡೆ ಅಲ್ಲಾಭಕ್ಷ, ಅದು ಅವನ ಖಾಯಂ ಜಾಗ. ಹಿಂದೆ ಹಲೀಮಾಬಿ, ಶಗುಫ್ತಾ, ಹೊಸ ಶಾಲೆ ನೋಡುವ ಆಸೆಯ ರಾಜೇಶ್ವರಿ ಟೀಚರ್. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಮೊಟ್ಟೆಯ ಪಲ್ಯ. ಬಿಸಿಲು ಏಳುವ ಮೊದಲೇ ಹೊರಟರು.

ಹುಬ್ಬಳ್ಳಿ ದಾಟುವವರೆಗೆ ಎಲ್ಲರೂ ಹಾಡಿಕೊಂಡೇ ಹೋದರು. ಕಲಘಟಗಿಯ ದಾರಿಯಲ್ಲಿ ಮೊದಲ ಇಳಕಲು ಬಂತು. ಅಲ್ಲಾಭಕ್ಷ ಎಡಗೈಯನ್ನು ಗಾಳಿಯಲ್ಲಿ ಬೀಸಿ, "ಹಾಂ, ಬಿಡು" ಎಂದ. ಎಂದರೆ ನ್ಯೂಟ್ರಲ್ ಹಾಕು. ಮುಮತಾಜ್ ಕನ್ನಡಿಯಲ್ಲಿ ಮಗಳನ್ನು ನೋಡಿದಳು, ಹಾಕಿದಳು. ಕಾರು ಉರುಳಿತು, ತಿರುವಿನಲ್ಲಿ ಬ್ರೇಕು ಹಿಡಿದಳು. ಅಂಕಿ ಏರಲಿಲ್ಲ. ಮುಂದಿನ ಇಳಕಲಿನಲ್ಲಿ ಮತ್ತೆ "ಬಿಡು". ಅದರ ಮುಂದಿನದರಲ್ಲೂ. ಹೊರಗೆ ಬಿಸಿಲು ಏರಿ ಏಸಿ ಹಾಕಬೇಕಾಯಿತು. ತಂಬೂರಿನ ಶಾಲೆಯ ಮುಂದೆ ನಿಂತಾಗ ಪರದೆ ಎಂಬತ್ತೆರಡು ತೋರಿಸಿತು. ಎಪ್ಪತ್ತೊಂದು ಕಿಲೋಮೀಟರಿಗೆ ತೊಂಬತ್ತನಾಲ್ಕು ಖರ್ಚಾಗಿತ್ತು.

ರಾಜೇಶ್ವರಿ ಟೀಚರ್ ಶಾಲೆಯ ಬೀಗ ಹಾಕಿದ ಬಾಗಿಲನ್ನು, ಬೇವಿನ ಕಟ್ಟೆಯನ್ನು ನೋಡಿ ಬಂದಳು. ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಯಾರ ಬಾಯಿಗೂ ರುಚಿ ಹತ್ತಲಿಲ್ಲ.

"ಹಿಂಗ ಹೋದ್ರ ಹುಬ್ಬಳ್ಳಿ ದಾಟತೈತಿ, ಮನಿ ಮುಟ್ಟಂಗಿಲ್ಲ" ಎಂದಳು ಶಗುಫ್ತಾ.

"ನಾ ಕುಂತೀನಲ್ಲ" ಎಂದ ಅಲ್ಲಾಭಕ್ಷ. "ಹೊಳ್ಳಿ ಹೋಗೂ ಮುಂದ ಸಣ್ಣ ಇಳಕಲಿಗೂ ನೂಟ್ರಲ್ ಹಾಕೂಣು. ಉಳಿಸಿ ತೋರಸ್ತೀನಿ."

ಮುಮತಾಜ್ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯ ಮೇಲಿಟ್ಟಳು. ಇಪ್ಪತ್ತು ವರ್ಷವಾಗಿತ್ತು ಈ ಮನೆಗೆ ಬಂದು. ಮಾವನಿಗೆ ಎದುರು ಮಾತು ಆಡಿದ್ದಿಲ್ಲ. ಆಡುವ ಪ್ರಸಂಗವನ್ನೂ ಅವನು ತಂದಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಗಿತ್ತು.

"ಮಾಮಾ, ನೂಟ್ರಲ್ ಬ್ಯಾಡ್ರಿ."

"ಏನಂದಿ?"

"ಇದು ಡೀಸೆಲ್ ಅಲ್ರಿ. ನೂಟ್ರಲ್ ಹಾಕಿದ್ರ ಇಳಕಲಿನ್ಯಾಗ ಬರೂ ಕರೆಂಟ್ ಬರಂಗಿಲ್ಲ. ಬ್ರೇಕಿನ್ಯಾಗ ಸುಟ್ಟು ಹೋಗ್ತೈತಿ. ಸರ್ವಿಸ್‌ನ್ಯಾಗ ಹೇಳ್ಯಾರ. ತಿಂಗಳಾತು, ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

"ನಾ ಕಲಿಸಿದ್ದು ತಪ್ಪಂತೀಯೇನು?"

ಹಲೀಮಾಬಿ ಏನೋ ಹೇಳಲು ಬಾಯಿ ತೆರೆದಳು, ಮುಮತಾಜ್ ಅವಳಿಗಿಂತ ಮೊದಲೇ ಹೇಳಿದಳು.

"ನೀವು ಕಲಿಸಿದ್ದಕ್ಕ ನಾ ಇಲ್ಲಿತನಕಾ ಬಂದೀನ್ರಿ. ಬಸ್ಸಿಗೆ ಅದು ಖರೇ. ಈ ಗಾಡಿಗೆ ತಪ್ಪು. ಇವತ್ತ ಮನಿ ಮುಟ್ಟಲಿಲ್ಲ ಅಂದ್ರ ನಾ ಮತ್ತ ಸ್ಟೇರಿಂಗ್ ಮುಟ್ಟಂಗಿಲ್ಲ, ಮಾಮಾ. ಒಂದ್ ಸಲ ನನ್ನ ಮಾತು ಕೇಳ್ರಿ."

ಅಲ್ಲಾಭಕ್ಷ ಎದ್ದು ಕಾರಿನ ಬಳಿಗೆ ನಡೆದ. ಮುಂದಿನ ಬಾಗಿಲು ತೆರೆದು, ನಿಂತು, ಮುಚ್ಚಿದ. ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತ. "ಶಗುಫ್ತಾ, ಮುಂದ ಕುಂದರು ಹೋಗು" ಎಂದ.

ಏಸಿ ಬಂದ್ ಮಾಡಿ ಗಾಜು ಇಳಿಸಿದರು. ಮೊದಲ ಏರಿನಲ್ಲಿ ಅಂಕಿ ಇಳಿಯಿತು, ಎಪ್ಪತ್ತೇಳು, ಎಪ್ಪತ್ತೈದು. ಏರು ಮುಗಿದು ಇಳಕಲು ಬಂತು. ಮುಮತಾಜ್ ಗೇರು ಮುಟ್ಟದೆ ಕಾಲು ಮಾತ್ರ ತೆಗೆದಳು. ಕಾರು ತಾನಾಗಿ ಹಿಡಿದುಕೊಂಡು ನಿಧಾನವಾಗಿ ಇಳಿಯಿತು. ಪರದೆಯಲ್ಲಿ ಹಸಿರು ಗೆರೆ ಎದ್ದಿತು.

"ಎಪ್ಪತ್ತಾರು" ಎಂದಳು ಶಗುಫ್ತಾ.

"ಎಷ್ಟು?" ಹಿಂದಿನಿಂದ ಅಲ್ಲಾಭಕ್ಷ.

"ಎಪ್ಪತ್ತೈದಿತ್ತು ದಾದಾ. ಎಪ್ಪತ್ತಾರು ಆತು. ಈಗ ಎಪ್ಪತ್ತೇಳು."

ಅಲ್ಲಾಭಕ್ಷ ಎರಡು ಸೀಟುಗಳ ನಡುವೆ ತಲೆ ತೂರಿಸಿದ. ಕನ್ನಡಕ ಏರಿಸಿಕೊಂಡು ಪರದೆಯನ್ನೇ ನೋಡಿದ. ಮೂವತ್ತೆರಡು ವರ್ಷದಲ್ಲಿ ಯಾವ ಇಳಕಲಿನಲ್ಲೂ ಅವನ ಬಸ್ಸಿನ ಟಾಕಿಗೆ ಒಂದು ಹನಿ ಡೀಸೆಲ್ ತಿರುಗಿ ಬಂದ ನೆನಪು ಅವನಿಗಿರಲಿಲ್ಲ.

"ಇನ್ನೊಂದ್ ಇಳಕಲು ಎಲ್ಲೈತಿ?" ಎಂದ.

"ಮುಂದ ಐತ್ರಿ, ಹಳ್ಳದ ಕಡೆ."

"ಅಲ್ಲಿ ಇನ್ನೂ ಲಗೂನ ಕಾಲು ತಗಿ. ಮ್ಯಾಲಿಂದನ ತಗಿ. ಬ್ರೇಕ್ ಮುಟ್ಟಬ್ಯಾಡ. ಹಾಂ, ಹಂಗ. ಎಷ್ಟಾತು ಶಗು?"

ಅಲ್ಲಿಂದ ಕಾರಿನೊಳಗೆ ಹಬ್ಬ. ಅಲ್ಲಾಭಕ್ಷ ಪ್ರತಿ ಇಳಕಲನ್ನೂ ಒಂದು ಫರ್ಲಾಂಗು ಮೊದಲೇ ಗುರುತಿಸಿ ಹೇಳುತ್ತಿದ್ದ. ಆ ದಾರಿಯ ತಗ್ಗು ದಿಣ್ಣೆ ಅವನಿಗೆ ಅಂಗೈ ಇದ್ದಂತೆ. ಶಗುಫ್ತಾ ಅಂಕಿ ಹೇಳುತ್ತಿದ್ದಳು. ರಾಜೇಶ್ವರಿ ಟೀಚರ್ ಮೊಬೈಲಿನಲ್ಲಿ ಉಳಿದ ದೂರ ಹೇಳುತ್ತಿದ್ದಳು. ಹಲೀಮಾಬಿ ತಸ್ಬಿಯ ಮಣಿ ಎಣಿಸುವುದನ್ನು ಬಿಟ್ಟು ಎಲ್ಲರ ಬಾಯಿಗೂ ಸಜ್ಜೆ ರೊಟ್ಟಿಯ ಚೂರು ಇಡುತ್ತಿದ್ದಳು. ಈಗ ರುಚಿ ಹತ್ತಿತ್ತು. ಹುಬ್ಬಳ್ಳಿಯಲ್ಲಿ ಅಂಕಿ ನಲವತ್ತೇಳು, ದಾರಿ ಮೂವತ್ತೊಂದು. ಚಾರ್ಜಿಂಗ್ ಸ್ಟೇಷನ್ನಿನ ಮುಂದೆ ಸಾಲು ನಿಂತ ಕಾರುಗಳನ್ನು ನೋಡಿ ಹಲೀಮಾಬಿ, "ಪಾಪ" ಎಂದಳು. ಕುಂದಗೋಳ ಮುಟ್ಟುವ ಮೊದಲು ಗೌರಕ್ಕನ ಗಿರಣಿ ಬಂತು. ಮುಮತಾಜ್ ಹಾರ್ನ್ ಹೊಡೆದಳು. ಗೌರಕ್ಕ ಹಿಟ್ಟಿನ ಕೈಯಲ್ಲಿ ಹೊರಗೆ ಬರುವಷ್ಟರಲ್ಲಿ ಕಾರು ದಾಟಿತ್ತು.

ಸಂಶಿಯ ಅವರ ಓಣಿಯ ಬಾಯಿಗೆ ಬಂದಾಗ ಇಪ್ಪತ್ತನಾಲ್ಕು ಉಳಿದಿತ್ತು. ಮುಮತಾಜ್ ಕಾರು ತಿರುಗಿಸಲು ಕೈ ಹಾಕಿದಳು.

"ತಿರುಗಿಸಬ್ಯಾಡ" ಎಂದ ಅಲ್ಲಾಭಕ್ಷ. "ಗುಡಗೇರಿಗೆ ನಡಿ. ಸಾಧಿಕ್ ಅಲ್ಲೇ ಕುಂತಿರ್ತಾನ."

"ಏಳ್ ಕಿಲೋಮೀಟರ್ ಐತ್ರಿ ಮಾಮಾ."

"ಇಪ್ಪತ್ನಾಕ್ ಐತಲ್ಲ. ನಾ ಅಂಕಿ ನಂಬೀನಿ, ನಡಿ."

ಸಂತೆಯ ಗದ್ದಲದಲ್ಲಿ ಯುನೂಸ್‌ನ ಅಂಗಡಿಯ ಮುಂದೆ ಕಾರು ಬಂದು ನಿಂತಿತು. ಒಳಗೆ ಕೂಲರಿನ ಗಾಳಿಗೆ ಎದೆಯೊಡ್ಡಿ ಅಣ್ಣಿಗೇರಿಯ ಸಾಧಿಕ್ ಕುಳಿತಿದ್ದ. ಯುನೂಸ್ ಮೊದಲು ಹೆಂಡತಿಯನ್ನು, ಆಮೇಲೆ ಪರದೆಯನ್ನು, ಆಮೇಲೆ ಹಿಂದಿನ ಸೀಟಿನಿಂದ ಇಳಿಯುತ್ತಿದ್ದ ತಂದೆಯನ್ನು ನೋಡಿದ. ಅಬ್ಬಾ ಹಿಂದೆ ಕುಳಿತದ್ದೇ ಅವನಿಗೆ ದೊಡ್ಡ ಆಶ್ಚರ್ಯವಾಗಿತ್ತು.

"ಎಲ್ಲಿ ಚಾರ್ಜ್ ಮಾಡಿದ್ರಿ?"

"ಎಲ್ಲೂ ಇಲ್ಲ" ಎಂದಳು ಮುಮತಾಜ್. "ಟೀಚರ್‌ನ ಕೇಳು. ತಂಬೂರಿಗೆ ಹೋಗಿ ಬಂದು, ಮನಿ ದಾಟಿ ಇಲ್ಲಿಗೆ ಬಂದೀವಿ. ಇನ್ನೂ ಹದಿನೆಂಟು ಐತಿ."

ರಾಜೇಶ್ವರಿ ಟೀಚರ್ ಹೌದೆಂದು ತಲೆಯಾಡಿಸಿದಳು. ಸಾಧಿಕ್ ಎದ್ದು ಬಂದು ಬಾನೆಟ್ ಸವರಿ, "ಹಂಗಾರ ಗಾಡಿ ಛಲೋ ಐತಿ ಅನ್ರಿ. ಐಬು ಐತಿ ಅಂತ ಹೇಳಿದ್ರಲ್ಲ ಯುನೂಸ್ ಭಾಯ್?" ಎಂದ.

"ಐಬು ಗಾಡಿದಲ್ಲ, ನನ್ನದು" ಎಂದ ಅಲ್ಲಾಭಕ್ಷ. ಸಂತೆಯ ಮಂದಿ ಕೇಳುವಷ್ಟು ಜೋರಾಗಿಯೇ ಹೇಳಿದ. "ಎಂಟ್ ತಿಂಗಳು ಈಕಿಗೆ ತಪ್ಪು ಕಲಿಸೀನಿ. ಇವತ್ತ ಈಕಿ ನನಗ ಕಲಿಸಿದಳು. ಶಗುಫ್ತಾ ಹೂಂ ಅಂದದ್ದು ಛಲೋ ಆತು. ಯುನೂಸ್, ಕಾರು ಮಾರೂದಿಲ್ಲ ಅಂತ ಹೇಳು."

ಮುಮತಾಜ್‌ಳ ಕಣ್ಣು ತುಂಬಿ ಬಂತು. ಅದನ್ನು ಅಡಗಿಸಲು ಅವಳು ಟೀಚರ್ ಕಡೆ ತಿರುಗಿ, "ಶಾಲಿ ಸುರುವಾಗೂ ದಿನ ಏಳಕ್ಕ ಬಾಗಲದಾಗ ನಿಂತಿರ್ರಿ. ತಡಾ ಮಾಡಿದ್ರ ಬಿಟ್ ಹೋಗ್ತೀನಿ" ಎಂದಳು.

ಯುನೂಸ್ ಮಾತು ಬದಲಿಸಲಿಲ್ಲ. ಸಾಧಿಕ್‌ನ ಕಡೆ ನೋಡಿ ಕೈ ಜೋಡಿಸಿದ. ಅಷ್ಟರಲ್ಲಿ ಹಲೀಮಾಬಿ ಅಂಗಡಿಯ ಡಬ್ಬಿಯಿಂದ ಸಕ್ಕರೆ ಕಟ್ಟಿಸಿಕೊಂಡು, ಲಕ್ಷ್ಮೇಶ್ವರಕ್ಕೆ ಇವತ್ತೇ ಹೋಗಬೇಕು, ಹರಕೆ ಬಾಕಿ ಇಡುವುದಿಲ್ಲ ಎಂದು ಹಟ ಹಿಡಿದಳು. ಹದಿನೆಂಟರಲ್ಲಿ ಹೋಗಿ ಬರಲು ಆಗುವುದಿಲ್ಲ ಎಂದು ಶಗುಫ್ತಾ ಲೆಕ್ಕ ಹೇಳಿದಳು. ಯುನೂಸ್ ಯಾರಿಗೂ ಕಾಯದೆ ಡಿಕ್ಕಿ ತೆಗೆದು ಕೇಬಲ್ ಹೊರಗೆಳೆದ. ಅಂಗಡಿಯಲ್ಲಿ ದೊಡ್ಡ ಪ್ಲಗ್ಗು ಇದ್ದದ್ದು ಒಂದೇ. ಕೂಲರಿನದನ್ನು ಕಿತ್ತು ಕಾರಿನದನ್ನು ಚುಚ್ಚಿದ. ಕೂಲರು ಗೊರ ಗೊರ ಎಂದು ನಿಂತಿತು.

"ಯುನೂಸ್ ಭಾಯ್, ಕುದ್ದು ಹೋಗ್ತೀವಲ್ರಿ" ಎಂದು ಸಾಧಿಕ್ ಅಂಗಿಯ ಗುಂಡಿ ಬಿಚ್ಚುತ್ತಾ ಪ್ಲಗ್ಗಿನ ಕಡೆ ಕೈ ಚಾಚಿದ.

ಹಲೀಮಾಬಿ ಪ್ಲಗ್ಗಿನ ಮುಂದೆ ಜೋಳದ ಚೀಲ ಎಳೆದುಕೊಂಡು ಕುಳಿತಳು.

"ನೂರು ಆಗೂತನಕಾ ಇದನ್ನ ಯಾರೂ ಕೀಳಬಾರದು."